ಹಾರ್ಟ್ಲಿ ಕಾರ್ಖಾನೆಯ ಮೂರು ಇಂಚು

ಜನವರಿ 5, 1998, ಸೋಮವಾರ

ಈ ನೋಟುಪುಸ್ತಕ ಅಪ್ಪನದು. ಮುಂದಿನ ಅರ್ಧದಲ್ಲಿ ಅವನ ಕೈಬರಹ ಇದೆ, ಹಿಂದಿನ ಅರ್ಧ ಖಾಲಿ. ಅವನು ತೀರಿಕೊಂಡು ಎರಡು ವರ್ಷ ಆಯಿತು. ಹಾಳೆ ಸುಮ್ಮನೆ ಹಳದಿಯಾಗುತ್ತಿದೆ ಅಂತ ನಾನು ಹಿಂದಿನಿಂದ ಬರೆಯಲು ಶುರುಮಾಡಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ತಪ್ಪು ಇರುತ್ತದೆ. ಓದುವವರು ಯಾರೂ ಇಲ್ಲವಾದ್ದರಿಂದ ಪರವಾಗಿಲ್ಲ.

ನಮ್ಮ ಎರಕದ ಕಾರ್ಖಾನೆ ಮಾರುತ್ತಾರಂತೆ. ಬೆಳಿಗ್ಗೆ ಹುಚ್ಚಣ್ಣಮಾವ ಹೇಳಿದಾಗ ನಾನು ನಂಬಲಿಲ್ಲ. ಅವನು ನಲವತ್ತು ವರ್ಷದಿಂದ ಮರಳಿನಲ್ಲಿ ಅಚ್ಚು ಕಟ್ಟುವವನು, ಬಾಯಿ ತೆಗೆದರೆ ತಮಾಷೆ. ಆದರೆ ಹನ್ನೊಂದು ಗಂಟೆಗೆ ಚಿಕ್ಕ ಯಜಮಾನರಾದ ಚಂದ್ರಮೌಳಿಯವರು ಇಬ್ಬರನ್ನು ಕರೆದುಕೊಂಡು ಬಂದರು. ಶೆಡ್ಡು, ಕುಲುಮೆ ಎಲ್ಲ ತೋರಿಸಿ ಕೊನೆಗೆ ನಾನು ಕೆಲಸ ಮಾಡುವ, ಎರಕದ ಮರದ ಮಾದರಿಗಳನ್ನು ಇಡುವ ಪ್ಯಾಟ್ರನ್ ಮನೆಗೂ ಬಂದರು. ನಾನು ಕಬ್ಬಿನ ಗಾಣದ ದೊಡ್ಡ ಮರದ ಚಕ್ರದ ಹಿಂದೆ ನಿಂತುಕೊಂಡೆ.

"ಅಲ್ಲಿ ಹಿಂದೆ ಯಾರು?" ಅಂದರು ಬಂದವರಲ್ಲಿ ಒಬ್ಬರು.

"ನಮ್ಮ ಮಂಟಯ್ಯನ ಮಗಳು, ಬುದ್ದಿ. ಅವನು ಹೋದ್ಮೇಲೆ ಇದನ್ನೆಲ್ಲ ನೋಡ್ಕೊಳ್ಳೋಳು ಇವಳೇ," ಅಂದ ಹುಚ್ಚಣ್ಣಮಾವ.

"ಹೆಸರೇನಮ್ಮ?"

ನಾನು ಚಕ್ರದ ಹಿಂದಕ್ಕೆ ಇನ್ನಷ್ಟು ಸರಿದೆ. ಇನ್ನೊಬ್ಬರು "ಮೂಗೀನಾ?" ಅಂತ ಕೇಳಿದರು.

"ಶಿವನಂಜಮ್ಮ ಅಂತ, ಬುದ್ದಿ. ಮೂಗಿಯಲ್ಲ. ಮಾತು ಖರ್ಚು ಮಾಡಲ್ಲ ಅಷ್ಟೇ."

ಎಲ್ಲರೂ ನಕ್ಕರು. ಮೂಗೀನಾ ಅಂದವರೇ ಚಕ್ರವನ್ನು ಬೆರಳಿನಿಂದ ತಟ್ಟಿ, "ತೇಗವಾ? ಇದೆಲ್ಲ ಸೇರಿದರೆ ಎಷ್ಟು ಲೋಡು ಸೌದೆ ಆಗಬಹುದು?" ಅಂದರು.

ತಗೊಳ್ಳುವವರು ಎರಡು ಪಾರ್ಟಿಯಂತೆ. ಸೌದೆ ಕೇಳಿದವರು ಇಲ್ಲೇ ಮೈಸೂರಿನವರು. ಎಲ್ಲ ಒಡೆದು ಕಲ್ಯಾಣಮಂಟಪ ಕಟ್ಟಿಸುತ್ತಾರೆ. ಇನ್ನೊಂದು ಪಾರ್ಟಿ ಕೊಯಮತ್ತೂರಿನದು. ಎರಕದ ಕೆಲಸ ಬಲ್ಲವರು, ಕಾರ್ಖಾನೆಯನ್ನು ಕಾರ್ಖಾನೆಯಾಗಿಯೇ ನಡೆಸುತ್ತಾರೆ.

"ಕೊಯಮತ್ತೂರಿನೋರು ಬಂದ್ರೆ ದಿನಾ ಊಟ ಕಣವ್ವ," ಅಂದ ಹುಚ್ಚಣ್ಣಮಾವ. "ಮಂಟಪದೋರು ಬಂದ್ರೂ ಊಟವೇ. ಆದ್ರೆ ಯಾರಾದ್ರೂ ಮದುವೆ ಆಗ್ಬೇಕು."

ಜನವರಿ 8, ಗುರುವಾರ

ಸೌದೆ ಅಂದದ್ದು ಕಿವಿಯಿಂದ ಹೋಗುತ್ತಿಲ್ಲ.

ಇಲ್ಲಿ ಆರುನೂರ ಹನ್ನೆರಡು ಪ್ಯಾಟ್ರನ್ ಇವೆ. ಗಾಣದ ಉರುಳೆ, ಹಲ್ಲುಚಕ್ರ, ಬಾವಿಯ ರಾಟೆ, ಗೇಟಿನ ಹೂವು, ಎಲ್ಲ ಮರದಲ್ಲಿ ಕಡೆದವು. ಮರಳಿನಲ್ಲಿ ಒತ್ತಿ ತೆಗೆದರೆ ಅದರ ರೂಪದ ಗುಂಡಿ ಉಳಿಯುತ್ತದೆ. ಆ ಗುಂಡಿಗೆ ಕಾದ ಕಬ್ಬಿಣ ಹೊಯ್ದರೆ ಸಾಮಾನು. ಮಂಡ್ಯದ ಕಡೆಯಿಂದಲೋ ಇಲವಾಲದ ಕಡೆಯಿಂದಲೋ ಆಲೆಮನೆಯವರು ಮುರಿದ ಚಕ್ರವನ್ನು ಗೋಣಿಯಲ್ಲಿ ಕಟ್ಟಿಕೊಂಡು ಬರುತ್ತಾರೆ. ನೋಡಿದ ಕೂಡಲೇ ಅದು ಎಷ್ಟನೇ ನಂಬರು, ಯಾವ ಅಟ್ಟಣೆಯಲ್ಲಿದೆ ಅಂತ ನನಗೆ ಗೊತ್ತಾಗುತ್ತದೆ. ಬಾಯಲ್ಲಿ ಹೇಳುವುದಿಲ್ಲ. ತಂದು ಮುಂದೆ ಇಡುತ್ತೇನೆ.

ಇದರಲ್ಲಿ ಇನ್ನೂರಕ್ಕಿಂತ ಹೆಚ್ಚು ಅಪ್ಪ ಮಾಡಿದ್ದು. ಅವನ ಹಿತ್ತಾಳೆ ಕೋಲು ಈಗ ನನ್ನ ಹತ್ತಿರ ಇದೆ. ಎರಡಡಿ ಉದ್ದದ್ದು. ಕಬ್ಬಿಣ ಆರುವಾಗ ಅಡಿಗೆ ಒಂದು ನೂಲು ಕುಗ್ಗುತ್ತದೆ, ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಆದ್ದರಿಂದ ಪ್ಯಾಟ್ರನ್ ಅಷ್ಟು ದೊಡ್ಡದಾಗಿಯೇ ಇರಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡ ಅಂತ ಆ ಕೋಲಿನಲ್ಲಿ ಒಂದೊಂದು ಅಡಿಯನ್ನೂ ಒಂದು ನೂಲು ಉದ್ದ ಮಾಡಿ ಗೆರೆ ಕೊರೆದಿದ್ದಾರೆ. ಅಪ್ಪ ಅದನ್ನು ಕುಗ್ಗುಕೋಲು ಅನ್ನುತ್ತಿದ್ದ. ಅವನ ಹತ್ತಿರ ಸಾದಾ ಕೋಲೂ ಒಂದಿತ್ತು. ಇಲ್ಲಿ ದುಡಿದು ಹೋದವರ ಜೊತೆ ಅವರ ಕೈಸಾಮಾನು ಒಂದನ್ನು ಮಣ್ಣಿಗೆ ಇಡುವುದು ರೂಢಿ. ಕುಗ್ಗುಕೋಲು ಕಾರ್ಖಾನೆಯ ಸ್ವತ್ತು, ಸಾದಾ ಕೋಲು ಅಪ್ಪನ ಸ್ವಂತದ್ದು. ಅದನ್ನೇ ಇಟ್ಟರು.

ಕೆಲಸ ಹೋದರೆ ಏನು ಮಾಡುವುದು ಅಂತ ಯೋಚಿಸಿದೆ. ಬೇರೆ ಕಡೆ ಹೋದರೆ ಹೆಸರು ಕೇಳುತ್ತಾರೆ, ಏನು ಬರುತ್ತದೆ ಅಂತ ಕೇಳುತ್ತಾರೆ.

ಜನವರಿ 14, ಬುಧವಾರ

ಸಂಕ್ರಾಂತಿ. ಎಳ್ಳು ಬೀರಲು ಹೋಗಲಿಲ್ಲ. ತಲೆನೋವು ಅಂದೆ. ಊದುಬತ್ತಿ ಹೊಸೆಯುತ್ತಾ ಕೂತಿದ್ದ ಅವ್ವ, "ನಾಕು ಮನೆಗೆ ಹೋಗಿ ಎಳ್ಳು ಕೊಟ್ಟು ಬರೋಕೂ ನಿನಗೆ ಜ್ವರ ಬರುತ್ತೆ. ನಾಳೆ ನಾನು ಕಣ್ಣು ಮುಚ್ಕೊಂಡ್ರೆ ಯಾರನ್ನ ಕರೀತೀಯ, ಎಂಗೆ ಕರೀತೀಯ?" ಅಂದಳು.

ನಾನು ಅವಳು ಹೊಸೆದಿಟ್ಟ ಊದುಬತ್ತಿ ಎಣಿಸಿ ಕಟ್ಟು ಕಟ್ಟಿದೆ.

ಜನವರಿ 19, ಸೋಮವಾರ

ಇವತ್ತು ಒಂದು ಕೆಲಸ ಆಯಿತು.

ಕೊಯಮತ್ತೂರಿನವರಿಂದ ಫೋನ್ ಬಂದಿತ್ತಂತೆ. ಅವರ ಹತ್ತಿರ ಒಂದು ಕ್ರೇನ್ ಇದೆ. ಶೆಡ್ಡಿನ ಈ ಸಾಲು ಕಂಬದಿಂದ ಆ ಸಾಲು ಕಂಬಕ್ಕೆ ಮೇಲೆ ಅಡ್ಡಲಾಗಿ ಕೂತು ಓಡಾಡುವಂಥದ್ದು. ಅದು ಇಲ್ಲಿ ಹಿಡಿಸಿದರೆ ಕಾರ್ಖಾನೆ ತಗೊಳ್ಳುತ್ತಾರೆ. ಕಂಬದಿಂದ ಕಂಬಕ್ಕೆ ಒಳಗಡೆ ಎಷ್ಟಿದೆ, ಸಂಜೆಯೊಳಗೆ ಬೇಕು.

ಚಿಕ್ಕ ಯಜಮಾನರು ಕಾರ್ಖಾನೆಯ ಟೇಪು ಹುಡುಕಿಸಿದರು. ಅದು ಏಳಡಿಗೆ ತುಂಡಾಗಿತ್ತು. "ನಂಜಿ ಕೈಲಿ ಕೋಲಿದೆ ಬುದ್ದಿ, ಅವರಪ್ಪಂದು," ಅಂದ ಹುಚ್ಚಣ್ಣಮಾವ. ಅವನು ಈ ಕಂಬಕ್ಕೆ ದಾರ ಒತ್ತಿ ಹಿಡಿದ. ನಾನು ಆ ಕಂಬದವರೆಗೆ ಬಿಗಿಯಾಗಿ ಎಳೆದು ಗಂಟು ಹಾಕಿದೆ. ಆಮೇಲೆ ದಾರವನ್ನು ನೆಲದ ಮೇಲೆ ಹಾಸಿ ಕೋಲಿಟ್ಟು ಅಳೆದೆ. ಎರಡು ಸಲ ಅಳೆದರೂ ಒಂದೇ ಬಂತು. ಮೂವತ್ತೊಂಬತ್ತು ಅಡಿ ಏಳು ಇಂಚು.

ಚೀಟಿಯಲ್ಲಿ ಬರೆದೆ. ಕೆಳಗೆ ಸಹಿ ಹಾಕು ಅಂದ ಹುಚ್ಚಣ್ಣಮಾವ. ಇಲ್ಲಿ ಅಳತೆ ಕೊಟ್ಟವರು ಸಹಿ ಹಾಕಬೇಕು. ಸಾಮಾನು ಕೂರಿಸುವ ದಿನ ಅವರೇ ಬಂದು ಒಂದು ತುದಿ ಹಿಡಿಯಬೇಕು, ಹೆಚ್ಚುಕಮ್ಮಿ ಆದರೆ ಎಲ್ಲರ ಮುಂದೆ ಅವರೇ ಬೈಸಿಕೊಳ್ಳಬೇಕು. ಅಪ್ಪ ಒಂದು ಸಲವೂ ಬೈಸಿಕೊಂಡವನಲ್ಲ.

ಚೀಟಿಯನ್ನು ಹಾಗೇ ಫ್ಯಾಕ್ಸ್ ಮಾಡಿದರಂತೆ. ನನ್ನ ಕೈಬರಹ ಕೊಯಮತ್ತೂರು ನೋಡಿತು. ನಾನು ಬೆಂಗಳೂರನ್ನೇ ನೋಡಿಲ್ಲ.

ಜನವರಿ 23, ಶುಕ್ರವಾರ

ಸುದ್ದಿ ಇಲ್ಲ. ಆಫೀಸಿನ ಫೋನ್ ಹೊಡೆದಾಗಲೆಲ್ಲ ಅಚ್ಚಿನವರು ಕೈ ನಿಲ್ಲಿಸುತ್ತಾರೆ.

ಜನವರಿ 28, ಬುಧವಾರ

ಕೊಯಮತ್ತೂರಿನವರು ಬೇಡ ಅಂದುಬಿಟ್ಟರು.

ಅವರ ಕ್ರೇನಿಗೆ ಮೂವತ್ತೊಂಬತ್ತು ಅಡಿ ಹತ್ತು ಇಂಚು ಬೇಕಂತೆ. ನಮ್ಮಲ್ಲಿ ಇರುವುದು ಏಳು ಇಂಚು. ಮೂರು ಇಂಚು ಸಾಲದು. ಎರಕದ ಕಂಬ, ಕೆತ್ತುವಂತಿಲ್ಲ, ಸರಿಸುವಂತಿಲ್ಲ. ಇಡೀ ಚಾವಣಿ ಅದರ ಮೇಲೇ ನಿಂತಿದೆ. ಈ ಕಂಬಗಳನ್ನು ಹಾರ್ಟ್ಲಿ ಅನ್ನುವ ಇಂಗ್ಲಿಷ್ ದೊರೆ ಸ್ವಂತ ಕುಲುಮೆಯಲ್ಲೇ ಎರಕ ಹೊಯ್ಸಿ ನಿಲ್ಲಿಸಿದ್ದಂತೆ. ಅವನ ಹೆಸರೂ 1884 ಅಂತ ಇಸವಿಯೂ ಪ್ರತಿ ಕಂಬದ ಮೇಲೂ ಉಬ್ಬಿಕೊಂಡಿವೆ.

ಹುಚ್ಚಣ್ಣಮಾವ ಮಧ್ಯಾಹ್ನ ಊಟ ಬಿಟ್ಟು ಆ ಕಂಬದ ಮುಂದೆ ನಿಂತಿದ್ದ.

"ನೋಡವ್ವ ಈ ದೊರೆ ಬುದ್ಧಿಯ. ಇಷ್ಟು ದೊಡ್ಡ ಕಾರ್ಖಾನೆ ಕಟ್ಟಿದೋನು ಮೂರು ಇಂಚಿಗೆ ಜಿಪುಣತನ ಮಾಡ್ಬುಟ್ಟ. ನೂರ ಹದಿನಾಕು ವರ್ಷ ಆದ್ಮೇಲೆ ನಮ್ಮ ಅನ್ನಕ್ಕೆ ಮಣ್ಣು ಹಾಕ್ದ."

ಮೂವತ್ತೊಂದು ಜನ ಇದ್ದೇವೆ. ಯಾರೂ ನಗಲಿಲ್ಲ.

ಫೆಬ್ರವರಿ 2, ಸೋಮವಾರ

ಕಲ್ಯಾಣಮಂಟಪದವರು ಮತ್ತೆ ಬಂದಿದ್ದರು. ಜೊತೆಗೆ ಸೌದೆ ಡಿಪೋದವರು. ಅವರು ಪ್ಯಾಟ್ರನ್ ಮನೆಯ ಬಾಗಿಲಿನ ಅಗಲ ನೋಡಿ, ಲಾರಿ ಹಿಂದುಹಿಂದಾಗಿ ಬಾಗಿಲವರೆಗೂ ಬರುತ್ತದೆ ಅಂದರು. ಮಂಟಪದವರಲ್ಲಿ ಒಬ್ಬರು ಗೇಟಿನ ಹೂವಿನ ಪ್ಯಾಟ್ರನ್ ಎತ್ತಿಕೊಂಡು, "ಇದು ಶೋಕೇಸಿಗೆ ಚೆನ್ನಾಗಿರುತ್ತೆ," ಅಂತ ಕಾರಿನಲ್ಲಿಟ್ಟುಕೊಂಡರು. ನಂಬರು ನೂರ ನಲವತ್ತು. ಅಪ್ಪ ಮಾಡಿದ್ದು. ನಾನು ನೋಡುತ್ತಾ ನಿಂತಿದ್ದೆ.

ಹುಣ್ಣಿಮೆ ಕಳೆದ ಮೇಲಿನ ಶುಕ್ರವಾರ, ಹದಿಮೂರನೇ ತಾರೀಕು, ಯಜಮಾನರು ಅವರಿಂದ ಮುಂಗಡ ತಗೊಳ್ಳುತ್ತಾರೆ. ತಿಂಗಳ ಕೊನೆಗೆ ಬೀಗದಕೈ ಕೊಡಬೇಕು.

ಅಪ್ಪನದು ನಾಲ್ಕಾದರೂ ಮನೆಗೆ ತಂದಿಟ್ಟುಕೊಳ್ಳೋಣ ಅನ್ನಿಸಿತು. ಮನೆಯಲ್ಲಿ ಜಾಗ ಎಲ್ಲಿದೆ. ದೇವರ ಮೂಲೆಯ ಮೇಲೆ, ಎರಡು ಗೋಡೆಯ ನಡುವೆ ಒಂದು ಹಲಗೆ ಕೂರಿಸಬಹುದು. ಕೋಲಿಟ್ಟು ನೋಡಿದೆ. ಮೂರಡಿ ಹನ್ನೊಂದೂವರೆ ಇಂಚು. ಕೆಸರೆ ಸರ್ಕಲ್ಲಿನ ಬಡಗಿ ಮರಿಸ್ವಾಮಿಗೆ ಚೀಟಿ ಬರೆದು ಕೊಟ್ಟು ಬಂದೆ. ಚೀಟಿಯಾದರೆ ಮಾತಾಡಬೇಕಾಗಿಲ್ಲ.

ಫೆಬ್ರವರಿ 8, ಭಾನುವಾರ

ಹೇಗೆ ಬರೆಯುವುದು ತಿಳಿಯುತ್ತಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮರಿಸ್ವಾಮಿ ಹಲಗೆ ತಂದ. ಗೋಡೆಯ ಮಧ್ಯೆ ಇಟ್ಟರೆ ಸಡಿಲ. ಒಂದು ಕಡೆ ಬೆರಳು ತೂರುವಷ್ಟು ಸಂದಿ. ಅವ್ವ ಬಂದು ನೋಡಿ, "ಇದೇನಪ್ಪ, ಹಲಗೆ ಉಪವಾಸ ಇತ್ತಾ? ಸೊರಗ್ಬುಟ್ಟಿದೆ," ಅಂದಳು.

ಮರಿಸ್ವಾಮಿಗೆ ಸಿಟ್ಟು ಬಂತು. "ನಾನು ಚೀಟಿಲಿ ಇದ್ದಂಗೇ ಕುಯ್ದಿರೋದು ಕಣಮ್ಮ. ನೋಡ್ಕೋ ಬೇಕಾದ್ರೆ." ಟೇಪು ಹಿಡಿದು ತೋರಿಸಿದ. ಹಲಗೆ ಮೂರಡಿ ಹನ್ನೊಂದೂವರೆ, ಸರಿಯಾಗಿತ್ತು. ಆಮೇಲೆ ಗೋಡೆಗೆ ಹಿಡಿದ. ಸರಿಯಾಗಿ ನಾಲ್ಕಡಿ.

"ಯಾವುದ್ರಲ್ಲಿ ಅಳೆದೆ ನೀನು?" ಅಂದ.

ನಾನು ಕೋಲಿನ ಕಡೆ ನೋಡಿದೆ. ನಾಲ್ಕಡಿಗೆ ನಾಲ್ಕು ನೂಲು. ನಾಲ್ಕು ನೂಲು ಅಂದರೆ ಅರ್ಧ ಇಂಚು.

ಆಮೇಲೆ ಮರಿಸ್ವಾಮಿ ಏನು ಹೇಳಿದ, ಅವ್ವ ಏನು ಹೇಳಿದಳು ಕೇಳಲಿಲ್ಲ. ಹಲಗೆಯ ಯೋಚನೆ ನನಗೆ ಇರಲಿಲ್ಲ. ನನ್ನ ಕಣ್ಣ ಮುಂದೆ ಆ ಎರಡು ಕಂಬ ನಿಂತಿದ್ದವು. ನಲವತ್ತಡಿಗೆ ನಲವತ್ತು ನೂಲು. ನಲವತ್ತು ನೂಲು ಅಂದರೆ ಐದು ಇಂಚು.

ಕುಗ್ಗುಕೋಲು ಮರದ ಮೇಲೆ ಇಡುವುದಕ್ಕೆ. ಗೋಡೆಯ ಮೇಲೆ, ಎಂದೋ ಎರಕವಾಗಿ ಎಂದೋ ಆರಿಹೋದ ಕಂಬದ ನಡುವೆ ಇಡುವುದಕ್ಕಲ್ಲ. ಇದು ನನಗೆ ಏಳನೇ ವಯಸ್ಸಿನಿಂದ ಗೊತ್ತು. ಆದರೆ ಎರಡು ವರ್ಷದಿಂದ ನನ್ನ ಕೈಗೆ ಬೇರೆ ಕೋಲು ಬಂದಿಲ್ಲ. ಬೇರೆ ಕೋಲು ಇದೆ ಅನ್ನುವುದೇ ಕೈಗೆ ಮರೆತುಹೋಗಿತ್ತು.

ಕಂಬದ ನಡುವೆ ನಲವತ್ತು ಅಡಿ ಇದೆ. ದೊರೆ ಜಿಪುಣತನ ಮಾಡಿಲ್ಲ. ಮೂವತ್ತೊಂದು ಜನರ ಅನ್ನಕ್ಕೆ ಮಣ್ಣು ಹಾಕಿದವಳು ನಾನು.

ಫೆಬ್ರವರಿ 9, ಸೋಮವಾರ

ಮರಿಸ್ವಾಮಿಯ ಐವತ್ತಡಿ ಟೇಪು ಕೇಳಿ ತಂದಿದ್ದೆ. ಊಟದ ಹೊತ್ತಿನಲ್ಲಿ, ಎಲ್ಲರೂ ನಲ್ಲಿಯ ಹತ್ತಿರ ಇದ್ದಾಗ, ಒಂದು ತುದಿಗೆ ಕಲ್ಲು ಹೇರಿ ಅಳೆದೆ. ನಲವತ್ತು ಅಡಿ.

ಆಫೀಸಿನ ಬಾಗಿಲವರೆಗೆ ಹೋದೆ. ಚಿಕ್ಕ ಯಜಮಾನರು ಯಾರ ಜೊತೆಯೋ ಮಾತಾಡುತ್ತಿದ್ದರು. ತಿರುಗಿ ಬಂದೆ.

ಫೆಬ್ರವರಿ 10, ಮಂಗಳವಾರ

ಹೇಳಲಿಲ್ಲ. ಚುನಾವಣೆಯ ಜೀಪುಗಳು ಇಡೀ ದಿನ ಮೈಕಿನಲ್ಲಿ ಕೂಗುತ್ತಾ ಓಡಾಡಿದವು. ಎಷ್ಟು ಸಲೀಸಾಗಿ ಕೂಗುತ್ತಾರೆ.

ಫೆಬ್ರವರಿ 11, ಬುಧವಾರ

ಹುಚ್ಚಣ್ಣಮಾವನಿಗೆ ಹೇಳಿದೆ. ಮರಳು ಜರಡಿ ಹಿಡಿಯುತ್ತಿದ್ದ. ಕೋಲು, ಟೇಪು ಎರಡನ್ನೂ ಅವನ ಮುಂದೆ ಜೊತೆಯಾಗಿಟ್ಟೆ. ಅವನಿಗೆ ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಜರಡಿ ಕೆಳಗಿಟ್ಟ.

"ಅಯ್ಯೋ ಶಿವನೇ. ಸತ್ತಿರೋ ದೊರೆಗೆ ಇಷ್ಟು ದಿನ ಬೈದ್ನಲ್ಲವ್ವ ನಾನು."

ನಾನು ಅಳುತ್ತಿದ್ದೆ. ಅವನು ಕೈಯ ಮರಳು ಒರೆಸಿಕೊಂಡು, "ದಾರ ಹಿಡಿದೋನು ನಾನು ಅಲ್ವಾ. ನಾನೇ ತಪ್ಪು ಮಾಡ್ದೆ ಅಂತ ಹೇಳ್ಬುಡ್ತೀನಿ ಬುಡು. ನನಗೆ ಅರವತ್ತಾಗದೆ, ಬೈದ್ರೆ ಎಷ್ಟು ದಿನ ಬೈತಾರೆ," ಅಂದ.

ಬೇಡ ಅಂದೆ. ಚೀಟಿಯ ಮೇಲೆ ಇರುವುದು ನನ್ನ ಸಹಿ.

"ಅಂಗಾದ್ರೆ ಆಫೀಸಿಗೆ ಹೋಗ್ಬೇಡ. ಅಲ್ಲಿ ಚಿಕ್ಕೋರು ಒಬ್ಬರೇ ಇರ್ತಾರೆ. ಯಾದವಗಿರಿ ಮನೆಗೆ ಹೋಗು, ದೊಡ್ಡ ಯಜಮಾನ್ರೂ ಇರ್ತಾರೆ. ನಾಳೆನೇ ಹೋಗು. ನಾಡಿದ್ದು ಮುಂಗಡ ತಗೊಂಡ್ಬುಟ್ರೆ ಮುಗೀತು."

ಫೆಬ್ರವರಿ 12, ಗುರುವಾರ

ಬಸ್ಸಿನಲ್ಲಿ ಹೋಗುವಾಗ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಓದಿಕೊಂಡೆ. ಗೇಟಿನ ಹತ್ತಿರ ಹೋದಾಗ ಒಂದೂ ನೆನಪಾಗಲಿಲ್ಲ. ಆ ಬಂಗಲೆಯ ಗೇಟಿನಲ್ಲಿ ನೂರ ನಲವತ್ತನೇ ನಂಬರಿನ ಹೂವು ಇದೆ. ಅದನ್ನು ನೋಡಿದ ಮೇಲೆ ಒಳಗೆ ಹೋದೆ.

ದೊಡ್ಡ ಯಜಮಾನರು ಶಿವರುದ್ರಪ್ಪನವರು ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಹಣೆ ತುಂಬ ವಿಭೂತಿ. ಕಣ್ಣು ಮಂಜಾಗಿದೆಯಂತೆ. ಚಿಕ್ಕವರು ಪೇಪರು ಓದುತ್ತಿದ್ದರು.

"ಏನಮ್ಮ, ಇಲ್ಲಿವರೆಗೂ?" ಅಂದರು ಚಿಕ್ಕವರು.

ಟೀಪಾಯಿಯ ಮೇಲೆ ಕೋಲಿಟ್ಟೆ, ಪಕ್ಕದಲ್ಲಿ ಟೇಪು ಎರಡಡಿ ಎಳೆದಿಟ್ಟೆ. "ನಾನು ಕೊಟ್ಟ ಅಳತೆ ತಪ್ಪು," ಅಂದೆ. "ಕುಗ್ಗುಕೋಲಲ್ಲಿ ಅಳೆದುಬಿಟ್ಟೆ. ನಲವತ್ತು ಅಡಿ ಇದೆ. ಅವರ ಕ್ರೇನ್ ಹಿಡಿಸುತ್ತೆ."

ಚಿಕ್ಕ ಯಜಮಾನರು ಪೇಪರು ಮಡಿಸಿದರು. ಬೈಯುತ್ತಾರೆ ಅಂದುಕೊಂಡೆ. ಮೆಲ್ಲಗೆ ಮಾತಾಡಿದರು. ಅದು ಇನ್ನೂ ಕಷ್ಟವಾಯಿತು.

"ಆಯ್ತಮ್ಮ, ಆಗಿದ್ದಾಯ್ತು. ಹೇಳಿದ್ದು ಒಳ್ಳೇದು. ಈಗ ಮನೆಗೆ ಹೋಗು. ಯಾರಿಗೂ ಹೇಳೋಕೆ ಹೋಗ್ಬೇಡ."

"ಕೊಯಮತ್ತೂರಿಗೆ..."

"ಏನಂತ ಹೇಳಲಿ ಅವರಿಗೆ? ಮೂರು ತಲೆಯಿಂದ ಕಾರ್ಖಾನೆ ನಡೆಸ್ತಿದ್ದೀವಿ, ನಮ್ಮ ಶೆಡ್ಡಿನ ಉದ್ದಗಲ ನಮಗೇ ಗೊತ್ತಿಲ್ಲ ಅನ್ನಲಾ? ನಾಳೆ ಮಂಟಪದವರು ಬರ್ತಾರೆ, ಮಾತು ಕೊಟ್ಟಾಗಿದೆ. ನನಗೂ ಸಾಕಾಗಿದೆ ಕಣಮ್ಮ. ಈ ಕುಲುಮೆ ಹೊತ್ತಿಸಿ ಹೊತ್ತಿಸಿ ನಾನೇ ಬೂದಿಯಾಗಿದ್ದೀನಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಹೊರಟು ಬರಬೇಕಿತ್ತು. ಹೊರಡಲಿಲ್ಲ.

"ಚೀಟೀಲಿ ನನ್ನ ಸಹಿ ಇದೆ, ಯಜಮಾನ್ರೇ," ಅಂದೆ. "ಮಂಟಪದವರಿಗೇ ಕೊಡಿ, ಅದು ನಿಮ್ಮಿಷ್ಟ. ಆದರೆ ಮೊದಲು ನನ್ನ ಅಳತೆ ತಿದ್ದಿ ಕಳಿಸಿ. ಅಳತೆ ಸರಿಯಾಗಿದ್ದೂ ಅವರು ಬೇಡ ಅಂದರೆ ಆಗ ಸರಿ. ತಪ್ಪು ಅಳತೆ ನೋಡಿ ಬೇಡ ಅಂದಿದ್ದಾರೆ. ಇಡೀ ಕಾರ್ಖಾನೆ ದೊರೆಗೆ ಬೈತಿದೆ. ಬೈಸಿಕೊಳ್ಳಬೇಕಾದವಳು ನಾನು."

ದೊಡ್ಡ ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕೈ ಚಾಚಿ ಟೀಪಾಯಿಯ ಮೇಲೆ ತಡಕಿದರು. ಕೋಲು ಮತ್ತು ಟೇಪಿನ ಒಂದು ತುದಿ ಕೂಡಿಸಿ, ಇನ್ನೊಂದು ತುದಿಯಲ್ಲಿ ಹೆಬ್ಬೆರಳಿನ ಉಗುರಿನಿಂದ ನೋಡಿದರು. ಕೋಲು ಎರಡು ನೂಲಿನಷ್ಟು ಹೆಚ್ಚಿರುವುದು ಉಗುರಿಗೆ ಸಿಕ್ಕಿತು. ಅವರು ನಕ್ಕರು.

"ಮಂಟಯ್ಯ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ದ."

"ಹೂಂ, ಬುದ್ದಿ."

"ಮೌಳಿ, ಫೋನ್ ಮಾಡು ಅವರಿಗೆ."

"ಅಪ್ಪಾಜಿ, ನಾಳೆ ಮುಂಗಡ..."

"ಮುಂಗಡ ಇನ್ನೊಂದು ವಾರ ಕಾಯುತ್ತೆ. ಮದುವೆ ಮಂಟಪ ತಾನೇ, ಈ ವಾರವೇ ಯಾರ ಮದುವೆಯೂ ಇಲ್ಲ."

ಹೊರಗೆ ಬಂದ ಮೇಲೆ ಗೇಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಡಲಿಲ್ಲ. ಎರಡು ಸಲ ಕೇಳಿ ಇಸಕೊಂಡೆ.

ಫೆಬ್ರವರಿ 14, ಶನಿವಾರ

ಕೊಯಮತ್ತೂರಿನವರು ಇನ್ನು ನಮ್ಮ ಅಳತೆ ನಂಬುವುದಿಲ್ಲವಂತೆ. ಇಪ್ಪತ್ತನೇ ತಾರೀಕು ಅವರ ಇಂಜಿನಿಯರೇ ಬಂದು ಅಳೆಯುತ್ತಾರೆ. ಅವರು ಅಳೆದದ್ದೇ ಕೊನೆ.

ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಕೆಲವರು ನನ್ನ ಜೊತೆ ಮಾತಾಡುತ್ತಿಲ್ಲ. ಮೊದಲೂ ಆಡುತ್ತಿರಲಿಲ್ಲ, ಆದರೆ ಇದು ಬೇರೆ ಥರ.

ಫೆಬ್ರವರಿ 17, ಮಂಗಳವಾರ

ದಿನಕ್ಕೆ ಎರಡು ಸಲ ಕಂಬದ ನಡುವೆ ಅಳೆಯುತ್ತೇನೆ. ನಲವತ್ತೇ ಬರುತ್ತದೆ. ಆದರೂ ನಾಳೆ ಮತ್ತೆ ಅಳೆಯಬೇಕು ಅನ್ನಿಸುತ್ತದೆ. ಸೌದೆ ಡಿಪೋದವನು ಬಂದು ಬಾಗಿಲಲ್ಲಿ ಇಣುಕಿದ. ಇನ್ನೂ ನಿಮ್ಮದಾಗಿಲ್ಲ, ಹೊರಗೆ ನಿಂತುಕೊಳ್ಳಿ ಅಂದೆ. ನೂರ ನಲವತ್ತನ್ನು ವಾಪಸ್ ತಂದುಕೊಡಲು ಮಂಟಪದವರಿಗೆ ಹೇಳಿ ಅಂತಲೂ ಅಂದೆ. ಪ್ಯಾಟ್ರನ್ ಮನೆಯಲ್ಲಿ ಗೆದ್ದಲು ಇದೆಯಾ ಅಂತ ಇವತ್ತು ಎಲ್ಲ ಅಟ್ಟಣೆ ನೋಡಿದೆ. ಇಲ್ಲ.

ಫೆಬ್ರವರಿ 20, ಶುಕ್ರವಾರ

ಕೊಯಮತ್ತೂರಿನವರು ಎರಕದ ದಿನವೇ ಬಂದರು. ಬೇಕೆಂದೇ ಹಾಗೆ ಬಂದಿದ್ದಂತೆ, ಕುಲುಮೆ ಉರಿಯುವುದನ್ನು ನೋಡಲು. ಗಾಳಿ ಊದುವ ಬ್ಲೋವರಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ.

ಇಂಜಿನಿಯರು ವಯಸ್ಸಾದವರು, ದಪ್ಪ ಕನ್ನಡಕ. ಕನ್ನಡವನ್ನು ತಮಿಳಿನ ರಾಗದಲ್ಲಿ ಆಡುತ್ತಾರೆ. ಮೊದಲು ಕೋಲು ತೋರಿಸು ಅಂದರು. ತಿರುಗಿಸಿ ತಿರುಗಿಸಿ ನೋಡಿದರು.

"ನಾನೂ ಒಂದು ಸಾರಿ ಇದರಲ್ಲೇ ನಮ್ಮ ಮನೆ ಬಾಗಿಲು ಅಳೆದಿದ್ದೆ ಅಮ್ಮ. ಇವತ್ತಿಗೂ ಮನೆಯವಳು ಬೈತಾಳೆ."

ನೆಲದಲ್ಲಿ ಸ್ಟೀಲ್ ಟೇಪು ಹಿಡಿದರು. ನಲವತ್ತು ಅಡಿ. ಹುಚ್ಚಣ್ಣಮಾವ ನನ್ನ ಬೆನ್ನು ತಟ್ಟಿದ. ಆಗ ಇಂಜಿನಿಯರು ಮೇಲೆ ನೋಡಿದರು.

"ಕೆಳಗೆ ಸರಿ. ಕ್ರೇನ್ ಕೆಳಗಾ ಓಡುತ್ತೆ? ನೂರು ವರ್ಷದ ಕಂಬ. ಮೇಲೆ ಒಳಕ್ಕೆ ವಾಲಿದ್ರೆ?"

ನಾನು ದಿನಾ ಎರಡು ಸಲ ನೆಲವನ್ನೇ ಅಳೆದಿದ್ದೆ. ಒಮ್ಮೆಯೂ ತಲೆ ಎತ್ತಿರಲಿಲ್ಲ.

ಎರಡು ಕಡೆ ಬಿದಿರೇಣಿ ಹಾಕಿದರು. ಒಂದು ಕಡೆ ಅವರ ಫಿಟ್ಟರ್ ಹತ್ತಿದ. ಇನ್ನೊಂದು ಕಡೆ ಯಾರು ಅಂತ ಚಿಕ್ಕ ಯಜಮಾನರು ಕೇಳಿದಾಗ ಹುಚ್ಚಣ್ಣಮಾವ, "ಅಳತೆ ಕೊಟ್ಟೋರು ತುದಿ ಹಿಡೀಬೇಕು, ಬುದ್ದಿ. ಇಲ್ಲಿ ಅಂಗೇ ನಡ್ಕೊಂಡು ಬಂದಿರೋದು," ಅಂದ.

"ಹೆಣ್ಣುಮಗಳನ್ನ ಅಷ್ಟೆತ್ತರಕ್ಕಾ?"

ಅವರು ಅಷ್ಟು ಹೇಳುವಾಗ ನಾನು ಸೆರಗು ಸಿಕ್ಕಿಸಿಕೊಂಡು ನಾಲ್ಕನೇ ಮೆಟ್ಟಿಲಲ್ಲಿದ್ದೆ.

ಮೇಲೆ ಹೊಗೆ, ಬಿಸಿ, ಬೆರಳುದ್ದ ಧೂಳು. ಕಂಬದ ತಲೆಯ ಹತ್ತಿರ ಒಂದು ಹೆಬ್ಬೆಟ್ಟಿನ ಗುರುತು ಇದೆ. ಆ ಕಾಲದಲ್ಲಿ ಯಾರೋ ಅಚ್ಚಿನ ಮರಳನ್ನು ಒತ್ತಿದ್ದು ಹಾಗೇ ಕಬ್ಬಿಣವಾಗಿದೆ. ಇಷ್ಟು ವರ್ಷ ಅದನ್ನು ಯಾರೂ ನೋಡಿರಲಿಕ್ಕಿಲ್ಲ. ನಾನು ಅದರ ಪಕ್ಕದಲ್ಲೇ ಕೈ ಊರಿದೆ.

ಫಿಟ್ಟರ್ ಆ ಕಡೆ ಟೇಪಿನ ತುದಿ ಒತ್ತಿಕೊಂಡ. ನಾನು ಈ ಕಡೆ ಎಳೆದು ನೋಡಿದೆ. ನಲವತ್ತಡಿ ಒಂದು ಇಂಚು. ಹೇಳಿಬಿಡಬಹುದಿತ್ತು. ಕೆಳಗೆ ಎಲ್ಲರೂ ಅದನ್ನೇ ಕೇಳಲು ಕಾಯುತ್ತಿದ್ದರು. ಆದರೆ ಟೇಪು ನಡುವೆ ಜೋತುಬಿದ್ದಿತ್ತು. ಜೋತ ಟೇಪು ಹೆಚ್ಚು ತೋರಿಸುತ್ತದೆ. ಇನ್ನೊಂದು ತಪ್ಪು ಅಳತೆ ನನ್ನ ಕೈಯಿಂದ ಹೋಗಬಾರದು. ಅವನಿಗೆ ಬಿಗಿಯಾಗಿ ಹಿಡಿ ಅಂದೆ. ಕೇಳಿಸಲಿಲ್ಲ. ಮತ್ತೆ ಅಂದೆ. ಅವನು ಬಿಗಿಹಿಡಿದ. ನಾನು ಮೈಭಾರ ಬಿಟ್ಟು ಎಳೆದೆ. ಇಂಚುಗಳು ಒಂದೊಂದಾಗಿ ಕಂಬದ ಅಂಚಿನಿಂದ ಈಚೆಗೆ ಜಾರಿದವು. ನಲವತ್ತು ಹೋಯಿತು. ಅದಕ್ಕಿಂತ ಒಂದು ಕಡಿಮೆಯ ಇಂಚೂ ಅಂಚಿಗೆ ಬಂತು. ಅಲ್ಲಿ ನಿಂತಿತು. ಟೇಪು ತಂತಿಯ ಹಾಗೆ ಬಿಗಿಯಾಗಿತ್ತು.

ಕೆಳಗಿನಿಂದ ಇಂಜಿನಿಯರು ಕೈಯಲ್ಲಿ ಕೇಳಿದರು, ಎಷ್ಟು?

ಹೇಳಿದೆ. ಕೈ ಕಿವಿಗೆ ಇಟ್ಟುಕೊಂಡು ಇನ್ನೊಂದು ಸಲ ಅಂದರು. ಇನ್ನೊಂದು ಸಲ ಹೇಳಿದೆ. ಮೂರನೇ ಸಲ ಹೇಳಿದಾಗ ಅಚ್ಚಿನವರು, ಕುಲುಮೆಯವರು, ಆಫೀಸಿನ ಗುಮಾಸ್ತರು ಎಲ್ಲ ತಲೆ ಎತ್ತಿ ನಿಂತಿದ್ದರು.

ಮೂವತ್ತೊಂಬತ್ತು ಅಡಿ ಹನ್ನೊಂದು ಇಂಚು.

ಬೇಕಾದದ್ದು ಹತ್ತು. ಒಂದು ಇಂಚು ಮಿಕ್ಕಿತು.

ಫೆಬ್ರವರಿ 21, ಶನಿವಾರ

ಕರಾರು ಬರೆಯುತ್ತಾರೆ. ಪ್ಯಾಟ್ರನ್ ಎಲ್ಲ ಕಾರ್ಖಾನೆಯ ಜೊತೆಯೇ ಉಳಿಯುತ್ತದೆ, ಒಂದೂ ಸೌದೆಗೆ ಹೋಗುವುದಿಲ್ಲ. ನಾನೂ ಇರಬೇಕಂತೆ. ಆದರೆ ಐವತ್ತೆಂಟು ದಾಟಿದವರನ್ನು ಇಟ್ಟುಕೊಳ್ಳುವುದಿಲ್ಲ ಅಂದಿದ್ದಾರೆ. ಅಂಥವರು ಐದು ಜನ. ಹುಚ್ಚಣ್ಣಮಾವ ನನ್ನ ಮುಂದೆ ನಕ್ಕ. "ನಾನು ಮಂಟಪದೋರ ಕಡೆ ಹೋಗ್ತೀನಿ ಬುಡವ್ವ, ಅಲ್ಲಿ ಊಟ ಚೆನ್ನಾಗಿರುತ್ತೆ," ಅಂದ. ಆಮೇಲೆ ಮರಳಿನ ಕಡೆ ತಿರುಗಿಕೊಂಡು ಬಹಳ ಹೊತ್ತು ಜರಡಿ ಹಿಡಿದ. ಜರಡಿಯಲ್ಲಿ ಮರಳು ಇರಲಿಲ್ಲ.

ಮನೆಯ ಹಲಗೆಯನ್ನು ಹಾಗೇ ಬಿಟ್ಟಿದ್ದೇವೆ. ಆ ಅರ್ಧ ಇಂಚಿನ ಸಂದಿಯಲ್ಲಿ ಅವ್ವ ಊದುಬತ್ತಿ ಸಿಕ್ಕಿಸಿಡುತ್ತಾಳೆ. ಅಳತೆ ಮಾಡಿಸಿದ ಹಾಗಿದೆ ಅನ್ನುತ್ತಾಳೆ.

ಬೆಳಿಗ್ಗೆಯಿಂದ ಗಂಟಲು ಕಟ್ಟಿದೆ. ದನಿಯೇ ಬರುತ್ತಿಲ್ಲ. ಮೇಲಿನ ಆ ಧೂಳು ಕುಡಿದದ್ದಕ್ಕೆ ಇರಬೇಕು. ಅವ್ವ ಮೆಣಸಿನ ಕಷಾಯ ಮಾಡಿಕೊಟ್ಟಿದ್ದಾಳೆ. ಸೋಮವಾರ ಇಂಜಿನಿಯರು ಪಟ್ಟಿ ಬರೆದುಕೊಳ್ಳಲು ಬರುತ್ತಾರೆ. ಆರುನೂರ ಹನ್ನೆರಡನ್ನೂ ನಾನು ಒಂದೊಂದಾಗಿ ಹೆಸರು, ನಂಬರು ಓದಿ ಹೇಳಬೇಕು. ನೂರ ನಲವತ್ತು ಬಂದಾಗ ಅದು ಯಾರ ಕಾರಿನಲ್ಲಿ ಹೋಯಿತು ಅಂತಲೂ ಹೇಳಬೇಕು. ಹುಚ್ಚಣ್ಣಮಾವನನ್ನು ಬಿಡಿಸಬೇಡಿ ಅಂತ ಅದಕ್ಕಿಂತ ಮೊದಲು ಹೇಳಬೇಕು.

ಇನ್ನು ಒಂದೇ ದಿನ ಇದೆ. ಅಷ್ಟರಲ್ಲಿ ಗಂಟಲು ಬಿಡುತ್ತದೋ ಇಲ್ಲವೋ ಅಂತಲೇ ಭಯ.